ಜಮೈಕಾಕ್ಕೆ ಹಡಗು ಕಳಿಸುವ ಮುನ್ನ: ಯಾವ ಕೆಲಸಕ್ಕೆ ಯಾವ ಬಂದರು?

"ಒಂದು ಸೇಫ್ ಪೋರ್ಟ್, ಜಮೈಕಾ." ಚಾರ್ಟರ್ ಪಾರ್ಟಿಯಲ್ಲಿ, ಅಂದರೆ ಹಡಗು ಬಾಡಿಗೆಯ ಒಪ್ಪಂದದಲ್ಲಿ, ಈ ಸಾಲು ಕಂಡರೆ ಈಗಲೂ ನನ್ನ ಎದೆ ಧಸಕ್ ಅನ್ನುತ್ತದೆ. ಎಂಟು ವರ್ಷ ಹಡಗಿನ ಮೇಲೆ ಕಳೆದು, ಮಂಗಳೂರಿಗೆ ಬಂದು ಆಪರೇಷನ್ಸ್ ಮೇಜಿಗೆ ಕೂತ ಮೊದಲ ವರ್ಷ ಅದು. ಮೆಕ್ಸಿಕೋದಿಂದ ಉಕ್ಕಿನ ಸರಳು ಹೊತ್ತ ಒಂದು ಹ್ಯಾಂಡಿಸೈಜ್ (ಸಣ್ಣ ಗಾತ್ರದ) ಸರಕು ಹಡಗು. ಜಮೈಕಾ ಅಂದರೆ ಕಿಂಗ್‌ಸ್ಟನ್ ಅಲ್ವಾ ಅಂದುಕೊಂಡು ಖರ್ಚಿನ ಲೆಕ್ಕವನ್ನೆಲ್ಲ ಕಿಂಗ್‌ಸ್ಟನ್ ಮೇಲೆಯೇ ಹಾಕಿಟ್ಟೆ. ಹಡಗು ಮೆಕ್ಸಿಕೋ ಮತ್ತು ಕ್ಯೂಬಾ ನಡುವಿನ ಯುಕಟಾನ್ ಜಲಸಂಧಿ ದಾಟುವ ಹೊತ್ತಿಗೆ ಚಾರ್ಟರರ್ (ಹಡಗು ಬಾಡಿಗೆಗೆ ಹಿಡಿದವರು) ಕಡೆಯಿಂದ ಒಂದು ಸಾಲಿನ ಮೇಲ್ ಬಂತು: ಮಾಂಟೆಗೊ ಬೇಗೆ ಹೋಗಿ. ಸರಳು ಬೇಕಾಗಿದ್ದದ್ದು ಹೋಟೆಲ್ ಕಟ್ಟಡಕ್ಕೆ. ದೊಡ್ಡ ಹೋಟೆಲುಗಳು ಹೆಚ್ಚಾಗಿ ಇರುವುದೇ ಆ ದಡದಲ್ಲಿ.

ಅದು ಜನವರಿ ತಿಂಗಳು. ಉತ್ತರದ ಗಾಳಿ ಎದ್ದಿತ್ತು. ಹಡಗು ಎರಡು ದಿನ ಹೊರಗೆ ಹೊರಳಾಡುತ್ತಾ ಕಾಯಿತು. ಮೂರನೇ ದಿನ ಕಟ್ಟಿದರು, ಆದರೂ ಬರ್ತಿನಲ್ಲಿ (ಹಡಗು ಕಟ್ಟುವ ಜಾಗದಲ್ಲಿ) ಹಡಗು ಹಿಂದೆ ಮುಂದೆ ಎಳೆದಾಡುತ್ತಲೇ ಇತ್ತು. ರಾತ್ರಿ ಎರಡು ಹಗ್ಗ ತುಂಡಾದವು. ಹೀಗೆ ಹೋದ ಸಮಯಕ್ಕೆ ಯಾರು ದುಡ್ಡು ಕೊಡಬೇಕು ಅನ್ನುವ ಜಗಳ ಆರು ತಿಂಗಳು ನಡೆಯಿತು. ತಪ್ಪು ನನ್ನದೇ. "ಜಮೈಕಾ" ಅಂತ ಬರೆದದ್ದನ್ನು ಬಿಡಿಸಿ ಕೇಳಿರಲಿಲ್ಲ.

ಅಂದಿನಿಂದ ಈ ದ್ವೀಪದ ಬಂದರುಗಳನ್ನು ಒಂದೊಂದಾಗಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಜಮೈಕಾದಲ್ಲಿ ಬಂದರನ್ನು ಮುಕ್ಕಾಲು ಪಾಲು ಸರಕೇ ಆರಿಸಿಬಿಟ್ಟಿರುತ್ತದೆ. ನಮ್ಮ ಕೈಯಲ್ಲಿ ಉಳಿಯುವ ಕಾಲು ಪಾಲನ್ನು ತಿಂಗಳು, ಗಾಳಿ, ನೀರಿನ ಆಳ ನೋಡಿ ತೀರ್ಮಾನಿಸಬೇಕು. ಆ ಕಾಲು ಪಾಲಿನಲ್ಲೇ ದುಡ್ಡು ಉಳಿಯುವುದು, ಹೋಗುವುದು ಎಲ್ಲ.

ಮೊದಲು ನಕ್ಷೆ

ದ್ವೀಪದ ಉದ್ದ ಸುಮಾರು 235 ಕಿಲೋಮೀಟರ್. ಮಂಗಳೂರಿನಿಂದ ಕಾರವಾರಕ್ಕೆ ರಸ್ತೆಯಲ್ಲಿ ಹೋದಷ್ಟೂ ಇಲ್ಲ. ಪೂರ್ವ ಪಶ್ಚಿಮವಾಗಿ ಮಲಗಿದೆ, ನಡುವೆ ಬೆಟ್ಟ. ಪೂರ್ವದ ಬ್ಲೂ ಮೌಂಟನ್ ಶಿಖರ 2,256 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಹಾಗಾಗಿ ಇಲ್ಲಿ ಎರಡು ದಡ, ಎರಡು ಸ್ವಭಾವ. ದಕ್ಷಿಣ ದಡದಲ್ಲಿ ಕಿಂಗ್‌ಸ್ಟನ್, ಪೋರ್ಟ್ ಎಸ್ಕಿವೆಲ್, ರಾಕಿ ಪಾಯಿಂಟ್, ಪೋರ್ಟ್ ಕೈಸರ್. ಉತ್ತರ ದಡದಲ್ಲಿ ಮಾಂಟೆಗೊ ಬೇ, ಫಾಲ್ಮತ್, ಡಿಸ್ಕವರಿ ಬೇ, ಓಚೊ ರಿಯೊಸ್, ಪೋರ್ಟ್ ಆಂಟೋನಿಯೊ. ಒಂದು ದಡದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ದ್ವೀಪವನ್ನು ಅರ್ಧ ಸುತ್ತಬೇಕು. ಕಿಂಗ್‌ಸ್ಟನ್‌ನಿಂದ ಮಾಂಟೆಗೊ ಬೇಗೆ ಬಲ್ಕ್ ಹಡಗಿಗೆ (ಸರಕನ್ನು ಹಾಗೇ ಸುರಿದು ಹೊರುವ ಹಡಗು) ಅರ್ಧ ದಿನ ಹಿಡಿಯುತ್ತದೆ.

ಹಡಗು ಎಲ್ಲಿಂದ ಬರುತ್ತಿದೆ ಅನ್ನುವುದೂ ಮುಖ್ಯ. ಅಮೆರಿಕದ ದಕ್ಷಿಣದ ಕೊಲ್ಲಿಯಿಂದ ಯುಕಟಾನ್ ದಾಟಿ ಬರುವ ಹಡಗಿಗೆ ಉತ್ತರ ದಡ ದಾರಿಯಲ್ಲೇ ಸಿಗುತ್ತದೆ. ಪನಾಮಾ ಕಾಲುವೆಯಿಂದ ಬರುವುದಕ್ಕೆ ಕಿಂಗ್‌ಸ್ಟನ್ ನೇರ, ಸುಮಾರು 550 ನಾಟಿಕಲ್ ಮೈಲಿ. ಪನಾಮಾದಿಂದ ಅಮೆರಿಕದ ಪೂರ್ವ ಕರಾವಳಿಗೆ ಹೋಗುವ ಹಡಗುಗಳು ಕ್ಯೂಬಾ ಮತ್ತು ಹೈಟಿ ನಡುವಿನ ವಿಂಡ್‌ವರ್ಡ್ ಪ್ಯಾಸೇಜ್ ಹಿಡಿಯುತ್ತವೆ. ಆ ದಾರಿಯ ಮಗ್ಗುಲಲ್ಲೇ ಕಿಂಗ್‌ಸ್ಟನ್ ಇದೆ. ಅದರ ಅದೃಷ್ಟವೆಲ್ಲ ಅಲ್ಲಿಂದಲೇ ಬಂದದ್ದು.

ಇನ್ನೊಂದು ವಿಷಯ ನಮ್ಮವರು ಮರೆಯುವುದು ಜಾಸ್ತಿ. ಜಮೈಕಾದಲ್ಲಿ ಉಬ್ಬರವಿಳಿತ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಅರ್ಧ ಮೀಟರಿಗಿಂತ ಕಡಿಮೆ. ಕಾಂಡ್ಲಾದಲ್ಲಿ ನೀರು ಆರು ಮೀಟರಿನ ಆಸುಪಾಸು ಏರುತ್ತದೆ. ಭರತ ಕಾದು ಹಡಗು ಒಳಗೆ ತರುವುದು ಅಲ್ಲಿ ದಿನನಿತ್ಯದ ಕೆಲಸ. ಮಂಗಳೂರಿನಲ್ಲೂ ಒಂದೂವರೆ ಮೀಟರ್ ಸಿಗುತ್ತದೆ. ಜಮೈಕಾದಲ್ಲಿ ಆ ಸಹಾಯವೇ ಇಲ್ಲ. ಚಾರ್ಟಿನಲ್ಲಿ ಎಷ್ಟು ಆಳ ಬರೆದಿದೆಯೋ ಹೆಚ್ಚುಕಡಿಮೆ ಅಷ್ಟೇ ಸಿಗುವುದು. ಸುಪ್ರಾಮ್ಯಾಕ್ಸ್ ಅನ್ನುವ ಮಧ್ಯಮ ಗಾತ್ರದ ಬಲ್ಕ್ ಹಡಗಿಗೆ ಒಂದು ಸೆಂಟಿಮೀಟರ್ ಡ್ರಾಫ್ಟ್ (ಹಡಗು ನೀರಿನೊಳಗೆ ಮುಳುಗುವ ಆಳ) ಅಂದರೆ ಸುಮಾರು 55 ಟನ್ ಸರಕು. ಹತ್ತು ಸೆಂಟಿಮೀಟರ್ ತಪ್ಪು ಲೆಕ್ಕ ಹಾಕಿದರೆ 550 ಟನ್ ಧಕ್ಕೆಯಲ್ಲೇ ಉಳಿಯಿತು ಅಂತ ಅರ್ಥ.

ಕಿಂಗ್‌ಸ್ಟನ್: ಎಲ್ಲ ಇದೆ, ಆದರೆ ಒಂದೇ ಬಂದರಲ್ಲ

ಬೆಳಗಿನ ಜಾವ ಪೂರ್ವದಿಂದ ಕಿಂಗ್‌ಸ್ಟನ್ ಒಳಗೆ ಹೋಗುವುದನ್ನು ಒಮ್ಮೆಯಾದರೂ ನೋಡಬೇಕು. ಬಲಗಡೆ ಪ್ಲಂಬ್ ಪಾಯಿಂಟ್ ದೀಪಸ್ತಂಭ, 1853ರದ್ದು. ಅಲ್ಲಿಂದ ಮುಂದಕ್ಕೆ ಪ್ಯಾಲಿಸೇಡೋಸ್ ಅನ್ನುವ ಸಪೂರ ಮರಳ ದಿಣ್ಣೆ, ಮೈಲಿಗಟ್ಟಲೆ. ಅದರ ಮೇಲೆ ವಿಮಾನ ನಿಲ್ದಾಣ. ಹಡಗಿನ ಬ್ರಿಡ್ಜಿನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ನಿಂತರೆ ವಿಮಾನ ನಮ್ಮ ಪಕ್ಕದಲ್ಲೇ ಇಳಿದ ಹಾಗೆ ಕಾಣುತ್ತದೆ. ಎಡಗಡೆ ಹವಳದ ದಿಬ್ಬಗಳು. ಅದರಲ್ಲೊಂದಕ್ಕೆ ರ‍್ಯಾಕಮ್ಸ್ ಕೇ ಅಂತ ಹೆಸರು. 1720ರಲ್ಲಿ ಕ್ಯಾಲಿಕೊ ಜ್ಯಾಕ್ ಅನ್ನುವ ಕಡಲ್ಗಳ್ಳನನ್ನು ನೇಣಿಗೆ ಹಾಕಿ, ಬರುವ ಹೋಗುವ ಹಡಗಿನವರೆಲ್ಲ ನೋಡಲಿ ಅಂತ ಹೆಣವನ್ನು ಅಲ್ಲೇ ತೂಗುಹಾಕಿದ್ದರಂತೆ. ದಿಣ್ಣೆಯ ತುದಿಯಲ್ಲಿ ಪೋರ್ಟ್ ರಾಯಲ್. 1692ರ ಜೂನ್ 7ರ ಭೂಕಂಪದಲ್ಲಿ ಈ ಊರಿನ ಬಹುಪಾಲು ಸಮುದ್ರಕ್ಕೆ ಹೋಯಿತು. ಆ ತುದಿಯನ್ನು ಬಳಸಿ ತಿರುಗಿದರೆ ಒಮ್ಮೆಗೇ ನೀರು ಕೆರೆಯಂತೆ ಶಾಂತವಾಗುತ್ತದೆ. ಪ್ರಪಂಚದ ದೊಡ್ಡ ನೈಸರ್ಗಿಕ ಬಂದರುಗಳಲ್ಲಿ ಇದೂ ಒಂದು. ಮಂಗಳೂರಿನಲ್ಲಿ ನಾವು ನೆಲ ಅಗೆದು ಲಗೂನ್ ಮಾಡಿಕೊಂಡೆವು. ಇವರಿಗೆ ಪ್ರಕೃತಿಯೇ ತಡೆಗೋಡೆ ಕಟ್ಟಿಕೊಟ್ಟಿದೆ.

ಆದರೆ "ಕಿಂಗ್‌ಸ್ಟನ್‌ಗೆ ಹೋಗುತ್ತೇವೆ" ಅಂತ ಹೇಳಿದರೆ ಅರ್ಧ ವಿಷಯ ಮಾತ್ರ ಹೇಳಿದಂತೆ. ಕಿಂಗ್‌ಸ್ಟನ್‌ನಲ್ಲಿ ಎಲ್ಲಿ?

ಕಂಟೇನರ್ ಹಡಗಾದರೆ ಪ್ರಶ್ನೆಯೇ ಇಲ್ಲ, ಕಿಂಗ್‌ಸ್ಟನ್ ಫ್ರೀಪೋರ್ಟ್ ಟರ್ಮಿನಲ್. ಫ್ರಾನ್ಸಿನ ಸಿಎಂಎ ಸಿಜಿಎಂ ಗುಂಪು 2016ರ ಜುಲೈ 1ರಂದು 30 ವರ್ಷದ ಒಪ್ಪಂದದ ಮೇಲೆ ಇದನ್ನು ವಹಿಸಿಕೊಂಡಿತು. ಅದಕ್ಕೆ ನಾಲ್ಕೈದು ದಿನ ಮೊದಲು, ಜೂನ್ 26ಕ್ಕೆ, ಪನಾಮಾ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ ಹೊಸ ಲಾಕ್‌ಗಳು ತೆರೆದಿದ್ದವು. ಹಳೆ ಲಾಕ್‌ನಲ್ಲಿ 12.04 ಮೀಟರ್ ಡ್ರಾಫ್ಟಿನ ಹಡಗು ಹೋಗುತ್ತಿತ್ತು, ಹೊಸದರಲ್ಲಿ 15.2 ಮೀಟರ್. ಅಷ್ಟು ದೊಡ್ಡ ಹಡಗುಗಳು ಬರಲಿ ಅಂತ ಕಿಂಗ್‌ಸ್ಟನ್‌ನಲ್ಲೂ ಕಾಲುವೆ ಹೂಳೆತ್ತಿ ಆಳ ಮಾಡಿದರು. ಇಲ್ಲಿ ಇಳಿಯುವ ಕಂಟೇನರುಗಳಲ್ಲಿ ಹೆಚ್ಚಿನವು ಜಮೈಕಾಕ್ಕೆ ಬಂದವಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದಕ್ಕೆ ಏರಿ ಬೇರೆ ದೇಶಕ್ಕೆ ಹೋಗುವಂಥವು. ನಮ್ಮ ಹುಬ್ಬಳ್ಳಿ ಜಂಕ್ಷನ್ ಇದ್ದ ಹಾಗೆ ಅನ್ನಿ.

ಅದರ ಪಕ್ಕದಲ್ಲೇ ನ್ಯೂಪೋರ್ಟ್ ವೆಸ್ಟ್ ಅನ್ನುವ ಜಾಗದಲ್ಲಿ ಕಿಂಗ್‌ಸ್ಟನ್ ವಾರ್ವ್ಸ್. ಒಂಬತ್ತು ಬರ್ತ್. ಕಾರು, ಉಕ್ಕು, ಮರ, ಚೀಲದ ಸರಕು, ಸಣ್ಣ ಕಂಟೇನರ್ ಹಡಗು, ಹೀಗೆ ಎಲ್ಲವೂ ಇಲ್ಲಿಗೆ. ಕಾರುಗಳ ಟ್ರಾನ್ಸ್‌ಶಿಪ್‌ಮೆಂಟಿಗೆ ಈ ಭಾಗದಲ್ಲಿ ಹೆಸರು ಮಾಡಿದ ಜಾಗ. ನನ್ನ ಉಕ್ಕಿನ ಸರಳು ಇಲ್ಲಿಗೆ ಬಂದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ.

ಎಣ್ಣೆ ಹಡಗಿಗೆ ಪೆಟ್ರೋಜ್ಯಾಮ್ ರಿಫೈನರಿಯ ಜೆಟ್ಟಿ. ಗೋಧಿ ಮತ್ತು ಸಿಮೆಂಟಿನ ಕೆಲಸ ಪೂರ್ವ ಬದಿಯ ರಾಕ್‌ಫೋರ್ಟ್‌ನಲ್ಲಿ, ಹಿಟ್ಟಿನ ಗಿರಣಿಯೂ ಸಿಮೆಂಟ್ ಕಾರ್ಖಾನೆಯೂ ಅಲ್ಲೇ ಇವೆ. ಒಂದೇ ಕೊಲ್ಲಿಯಾದರೂ ಪ್ರತಿಯೊಂದರ ಆಳ ಬೇರೆ, ದರ ಬೇರೆ, ಕೆಲಸದ ವೇಳೆ ಬೇರೆ. ಅದಕ್ಕೇ ಲೆಕ್ಕ ಹಾಕುವ ಮೊದಲು ಬರ್ತಿನ ಹೆಸರು ಕೇಳಿ. ಬಂದರಿನ ಹೆಸರು ಸಾಲದು.

ಕಿಂಗ್‌ಸ್ಟನ್‌ನ ಒಂದು ಕಿರಿಕಿರಿ ಮಧ್ಯಾಹ್ನದ ಗಾಳಿ. ಅಲ್ಲಿನವರು ಇದಕ್ಕೆ ಡಾಕ್ಟರ್ ಬ್ರೀಜ್ ಅನ್ನುತ್ತಾರೆ. ಸೆಕೆಯಲ್ಲಿ ಬೆಂದವರಿಗೆ ಔಷಧಿಯಂತೆ ಬರುವ ಕಡಲ ಗಾಳಿ. ರಾತ್ರಿ ಬೆಟ್ಟದಿಂದ ಇಳಿಯುವ ಗಾಳಿಗೆ ಹೆಣ ಹೂಳುವವನ ಗಾಳಿ ಅಂತ ಹೆಸರು, ಯಾಕೋ ಗೊತ್ತಿಲ್ಲ, ಹೆಸರು ಮಾತ್ರ ಸೊಗಸಾಗಿದೆ. ಊರಿನವರಿಗೆ ಡಾಕ್ಟರ್, ಆದರೆ ಕಾರು ಹೊರುವ ಹಡಗಿನ ಕ್ಯಾಪ್ಟನ್‌ಗೆ ತಲೆನೋವು. ಆ ಹಡಗುಗಳು ನೀರಿನ ಮೇಲೆ ಹತ್ತು ಮಹಡಿ ಕಟ್ಟಡದ ಹಾಗೆ ನಿಂತಿರುತ್ತವೆ, ಇಡೀ ಪಕ್ಕವೇ ಹಾಯಿ. ಜೂನ್ ಜುಲೈ ಮಧ್ಯಾಹ್ನ ಗಾಳಿ ಜೋರಾದರೆ ಇನ್ನೊಂದು ಟಗ್ (ಹಡಗನ್ನು ಎಳೆಯುವ, ತಳ್ಳುವ ದೋಣಿ) ಬೇಕಾಗುತ್ತದೆ, ಇಲ್ಲವೇ ಕಾಯಬೇಕಾಗುತ್ತದೆ. ಎತ್ತರದ ಹಡಗಾದರೆ ಬೆಳಿಗ್ಗೆ ಎಂಟರೊಳಗೆ ಪೈಲಟ್ (ಬಂದರಿನೊಳಗೆ ದಾರಿ ತೋರಿಸುವ ಸ್ಥಳೀಯ ನಾವಿಕ) ಹತ್ತುವ ಹಾಗೆ ವೇಗ ಹೊಂದಿಸಿ. ಪೈಲಟ್ ಹೇಗೂ ಕಡ್ಡಾಯ. ಆ ಸೇವೆ ಕೊಡುವುದು 1972ರಲ್ಲಿ ಶುರುವಾದ ಪೋರ್ಟ್ ಅಥಾರಿಟಿ.

ಬಿಳಿ ಹುಡಿ, ಕೆಂಪು ಮಣ್ಣು

ಬಲ್ಕ್ ಹಡಗಿನವರಿಗೆ ಜಮೈಕಾ ಅಂದರೆ ಎರಡೇ ಸರಕು. ಕೆಂಪು ಬಾಕ್ಸೈಟ್ ಮಣ್ಣು, ಅದರಿಂದ ತೆಗೆದ ಬಿಳಿ ಅಲ್ಯುಮಿನಾ. ಒಂದು ಟನ್ ಅಲ್ಯುಮಿನಾಕ್ಕೆ ಎರಡೂವರೆ ಟನ್ ಆಸುಪಾಸು ಬಾಕ್ಸೈಟ್ ಬೇಕು. ಇಲ್ಲಿ ಬಂದರುಗಳನ್ನು ಕಟ್ಟಿದ್ದೇ ಗಣಿ ಕಂಪನಿಗಳು, 1950ರ ದಶಕದಿಂದ ಈಚೆಗೆ. ಕಾರ್ಖಾನೆ ಎಲ್ಲಿದೆಯೋ ಅದರ ಬಾಲಕ್ಕೆ ಬಂದರು ಅಂಟಿಕೊಂಡಿದೆ. ಆದ್ದರಿಂದ ಆಯ್ಕೆ ಅನ್ನುವ ಮಾತು ಇಲ್ಲಿ ಬರುವುದು ಕಡಿಮೆ. ಆದರೆ ಯಾವುದರಲ್ಲಿ ಏನು ಕಾದಿದೆ ಅಂತ ತಿಳಿದಿದ್ದರೆ ಚಾರ್ಟರ್ ಪಾರ್ಟಿಯಲ್ಲಿ ಸರಿಯಾದ ಸಾಲು ಬರೆಸಿಕೊಳ್ಳಬಹುದು.

ಪೋರ್ಟ್ ಎಸ್ಕಿವೆಲ್ ಇರುವುದು ಕಿಂಗ್‌ಸ್ಟನ್‌ನಿಂದ ಪಶ್ಚಿಮಕ್ಕೆ, ಪೋರ್ಟ್‌ಲ್ಯಾಂಡ್ ಬೈಟ್ ಅನ್ನುವ ದೊಡ್ಡ ಕೊಲ್ಲಿಯ ಒಳಗೆ. ಯೂವಾರ್ಟನ್ ಕಾರ್ಖಾನೆಯ ಅಲ್ಯುಮಿನಾ ಇಲ್ಲಿಂದ ಹೋಗುತ್ತದೆ. ನಾನು ಥರ್ಡ್ ಮೇಟ್ (ಹಡಗಿನ ಕಿರಿಯ ಅಧಿಕಾರಿ) ಆಗಿದ್ದಾಗ ಇಲ್ಲಿ ಲೋಡ್ ಮಾಡಿದ್ದೇವೆ. ಅಲ್ಯುಮಿನಾ ನೋಡಲು ಮೈದಾ ಹಿಟ್ಟಿನ ಹಾಗೆ, ಮುಟ್ಟಿದರೆ ಸಣ್ಣ ಮರಳು. ಕೊಳವೆಯಿಂದ ಹೋಲ್ಡಿಗೆ (ಹಡಗಿನೊಳಗಿನ ಸರಕು ಕೋಣೆಗೆ) ಸುರಿಯುವಾಗ ದೂರದ ಜಲಪಾತದ ಸದ್ದು. ನೆನೆಯಬಾರದು, ಅದೊಂದೇ ಷರತ್ತು. ಒಂದು ಮಧ್ಯಾಹ್ನ ಆಕಾಶ ನೀಲಿಯಾಗೇ ಇತ್ತು. ಬೋಸನ್, ಅಂದರೆ ಡೆಕ್ ಕೆಲಸದವರ ಮುಖ್ಯಸ್ಥ, ಕುಂದಾಪುರದವರು. ಬೆಟ್ಟದ ಕಡೆ ಮುಖ ಮಾಡಿ "ಮಳಿ ವಾಸ್ನಿ ಬತ್ತಿತ್ತ್, ಸಾಬ್" ಅಂದರು. ನಾನು ನಕ್ಕೆ. ಅವರು ಕಾಯಲಿಲ್ಲ, ಹ್ಯಾಚ್ (ಹೋಲ್ಡಿನ ಬಾಗಿಲು) ಮುಚ್ಚುವ ಲಿವರ್ ಹತ್ತಿರ ಹೋಗಿ ನಿಂತರು. ಹತ್ತು ನಿಮಿಷದಲ್ಲಿ ಬೆಟ್ಟದ ಮೇಲಿಂದ ಬೂದು ಪರದೆಯಂತೆ ಮಳೆ ಇಳಿದು ಬಂತು. ಕೊಳವೆ ಎತ್ತಿ, ಹ್ಯಾಚ್ ಮುಚ್ಚಿ, ಕೊನೆಯ ಎರಡು ಅಡಿ ಉಳಿದಿರುವಾಗ ಮೊದಲ ಹನಿ ಬಿತ್ತು. ಇಪ್ಪತ್ತು ನಿಮಿಷ ಸುರಿದು ನಿಂತಿತು. ಆದರೆ ಡೆಕ್ ಒಣಗಿ ಕೆಲಸ ಮತ್ತೆ ಶುರುವಾದದ್ದು ಒಂದೂವರೆ ಗಂಟೆ ಬಿಟ್ಟು. ಅಲ್ಲಿನ ಲೆಕ್ಕದವರು ಮಳೆ ಇಪ್ಪತ್ತು ನಿಮಿಷ ಅಂತ ಬರೆದುಕೊಂಡರು, ನಾವು ತೊಂಬತ್ತು ಅಂದೆವು. ಸಹಿ ಹಾಕುವಾಗ ಗಲಾಟೆ. ಮಳೆಯಿಂದ ನಿಂತ ಸಮಯ ಲೇಟೈಮಿಗೆ (ಸರಕು ಹತ್ತಿಸಲು ಇಳಿಸಲು ಒಪ್ಪಿಕೊಂಡ ಸಮಯಕ್ಕೆ) ಸೇರುತ್ತೋ ಇಲ್ಲವೋ, ಹ್ಯಾಚ್ ತೆರೆದು ಮುಚ್ಚುವ ಸಮಯ ಯಾರ ತಲೆಗೆ, ಇದನ್ನು ಮೊದಲೇ ಬರೆಸಿ. ಮೇ ಮತ್ತು ಅಕ್ಟೋಬರ್ ಸುತ್ತಮುತ್ತ ಮಳೆ ಜಾಸ್ತಿ. ಆ ತಿಂಗಳಲ್ಲಿ ಅಲ್ಯುಮಿನಾ ಹೊರುವುದಾದರೆ ಒಂದೆರಡು ದಿನ ಹೆಚ್ಚೇ ಇಟ್ಟುಕೊಳ್ಳಿ.

ಈ ಬಂದರಿಗೆ ಹೊಂದಿಕೊಂಡ ಹಳ್ಳಿ ಓಲ್ಡ್ ಹಾರ್ಬರ್ ಬೇ. ಮೀನುಗಾರರ ಊರು, ಗಂಗೊಳ್ಳಿಯದ್ದೇ ವಾಸನೆ. 1845ರ ಮೇ 10ರಂದು ಬ್ಲಂಡೆಲ್ ಹಂಟರ್ ಅನ್ನುವ ಹಡಗು ಭಾರತದಿಂದ ಮೊದಲ ಕೂಲಿಯಾಳುಗಳನ್ನು ತಂದಿಳಿಸಿದ್ದು ಇಲ್ಲೇ. ಆಡಿನ ಮಾಂಸದ ಕರಿ, ರೊಟ್ಟಿ ಈಗ ಜಮೈಕಾದವರ ಊಟ. ಗಾಂಜಾ ಅನ್ನುವ ಪದವನ್ನೂ ಅವರು ನಮ್ಮಿಂದಲೇ ತೆಗೆದುಕೊಂಡರು. ಅದರಿಂದ ಹಡಗಿನವರಿಗೆ ಏನು ಪಾಡು ಅಂತ ಮುಂದೆ ಹೇಳುತ್ತೇನೆ.

ಅದೇ ಕೊಲ್ಲಿಯ ಪಶ್ಚಿಮಕ್ಕೆ ರಾಕಿ ಪಾಯಿಂಟ್, ಜಮಾಲ್ಕೊ ಕಾರ್ಖಾನೆಯದ್ದು. ಇದೂ ಅಲ್ಯುಮಿನಾ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ದಕ್ಷಿಣ ದಡ ಸವರಿಕೊಂಡು ಹೋದಾಗ ಇಲ್ಲಿನ ರಫ್ತು ವ್ಯವಸ್ಥೆಗೆ ಪೆಟ್ಟು ಬಿತ್ತು. ಒಂದೇ ಜೆಟ್ಟಿ, ಒಂದೇ ಕನ್ವೇಯರ್ ಇರುವ ಬಂದರಿನ ಪಾಡು ಇದೇ. ಕೆಟ್ಟರೆ ಪಕ್ಕದಲ್ಲಿ ಇನ್ನೊಂದಿಲ್ಲ. ಹಾಗಾಗಿ ರಾಕಿ ಪಾಯಿಂಟ್ ಫಿಕ್ಸ್ ಮಾಡುವಾಗ "ಅಥವಾ ಪೋರ್ಟ್ ಎಸ್ಕಿವೆಲ್" ಅನ್ನುವ ಆಯ್ಕೆ ಸೇರಿಸಿಕೊಳ್ಳಬಹುದಾ ಅಂತ ನಾನು ಕೇಳಿಯೇ ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ನಗುತ್ತಾರೆ. ಇನ್ನೊಂದು, ಅಲ್ಯುಮಿನಾ ಕಾರ್ಖಾನೆಗೆ ಕಾಸ್ಟಿಕ್ ಸೋಡಾ ಮತ್ತು ಉರಿಸುವ ಎಣ್ಣೆ ಬೇಕು. ಅದೂ ಹಡಗಿನಲ್ಲೇ ಬರುವುದು. ನಿಮಗಿಂತ ಮೊದಲು ಟ್ಯಾಂಕರ್ ಇದೆಯಾ ಅಂತ ವಿಚಾರಿಸದೆ ವೇಗವಾಗಿ ಓಡಿ ಬಂದರೆ ಬಂಕರ್ (ಹಡಗಿನ ಇಂಧನ) ಸುಟ್ಟದ್ದೇ ಬಂತು.

ಪೋರ್ಟ್ ಕೈಸರ್ ಬಗ್ಗೆ ಎರಡೇ ಮಾತು. ಅಲ್ಪಾರ್ಟ್ ಕಾರ್ಖಾನೆ 2019ರಲ್ಲಿ ನಿಂತ ಮೇಲೆ ಅಲ್ಯುಮಿನಾ ಹಡಗಿನ ಪಟ್ಟಿಯಿಂದ ಅದು ಇಳಿಯಿತು. ಯಾರಾದರೂ ಹಳೆಯ ಪೋರ್ಟ್ ಗೈಡ್ ನೋಡಿ ಈ ಹೆಸರು ಕೊಟ್ಟರೆ ಮತ್ತೊಮ್ಮೆ ಕೇಳಿ.

ಬಾಕ್ಸೈಟನ್ನು ಮಣ್ಣಾಗಿಯೇ ಹೊರುವುದಾದರೆ ಉತ್ತರ ದಡದ ಡಿಸ್ಕವರಿ ಬೇ. ಚಾರ್ಟಿನಲ್ಲಿ ಪೋರ್ಟ್ ರೋಡ್ಸ್ ಅಂತಲೂ ಇರುತ್ತದೆ. ಎರಡೂ ಒಂದೇ, ಬೇರೆ ಅಂದುಕೊಳ್ಳಬೇಡಿ. ಹವಳದ ಬಂಡೆಯ ನಡುವೆ ಸಂದು, ಒಳಗೆ ದುಂಡನೆಯ ಕೊಲ್ಲಿ, ದಡದಲ್ಲಿ ದೊಡ್ಡ ಗುಮ್ಮಟ. ಬಾಕ್ಸೈಟ್ ಆ ಗುಮ್ಮಟದ ಒಳಗೇ ಇರುತ್ತದೆ. ಕೊಲಂಬಸ್ ಬಂದಾಗ ಕುಡಿಯುವ ನೀರು ಸಿಗಲಿಲ್ಲ ಅಂತ ಒಣ ಬಂದರು ಎಂದು ಹೆಸರಿಟ್ಟನಂತೆ. ಇಲ್ಲಿನ ಮಣ್ಣು ಹೆಚ್ಚಾಗಿ ಹೋಗುವುದು ಅಮೆರಿಕದ ಲೂಸಿಯಾನಾದ ಗ್ರಾಮರ್ಸಿ ಕಾರ್ಖಾನೆಗೆ. ಲೋಡ್ ಬೇಗ ಆಗುತ್ತದೆ. ಆದರೆ ಹಡಗು, ಬಟ್ಟೆ, ಊಟದ ತಟ್ಟೆ ಎಲ್ಲ ಕೆಂಪು. ಮುಂದಿನ ಸರಕು ಧಾನ್ಯವಾದರೆ ಹೋಲ್ಡ್ ತೊಳೆಯಲು ಸಮಯ ಇಟ್ಟುಕೊಳ್ಳಿ. ಅಲ್ಯುಮಿನಾಕ್ಕಂತೂ ಹೋಲ್ಡ್ ಬೆಳ್ಳಗೆ ಹೊಳೆಯಬೇಕು, ಹಾಗಾಗಿ ಬಾಕ್ಸೈಟ್ ಬೆನ್ನಿಗೇ ಅಲ್ಯುಮಿನಾ ಹಿಡಿಯುವ ಆಸೆ ಬೇಡ.

ಬಾಕ್ಸೈಟಿನಲ್ಲಿ ತೇವಾಂಶದ ಸರ್ಟಿಫಿಕೇಟನ್ನು ಸುಮ್ನೆ ಫೈಲಿಗೆ ಹಾಕಬೇಡಿ, ಓದಿ. 2015ರ ಜನವರಿ 2ರಂದು ಬಲ್ಕ್ ಜುಪಿಟರ್ ಅನ್ನುವ ಹಡಗು ಮಲೇಷ್ಯಾದಿಂದ ಒದ್ದೆ ಬಾಕ್ಸೈಟ್ ಹೊತ್ತು ಮಗುಚಿತು. 19 ಜನರಲ್ಲಿ ಉಳಿದದ್ದು ಒಬ್ಬರು. ಡಿಸ್ಕವರಿ ಬೇಯಲ್ಲಿ ಮಣ್ಣನ್ನು ಒಣಗಿಸಿಯೇ ಕಳಿಸುತ್ತಾರೆ, ಅದೊಂದು ಸಮಾಧಾನ. ಆದರೂ ಕಾಗದ ನೋಡಿ.

ಮಾಂಟೆಗೊ ಬೇ ಬೇಕಾ?

ಮತ್ತೆ ನನ್ನ ಹಳೆ ಗಾಯಕ್ಕೆ ಬರೋಣ. ಸಾಮಾನ್ಯ ಸರಕಿಗೆ ನಿಜವಾದ ಆಯ್ಕೆ ಇರುವುದು ಕಿಂಗ್‌ಸ್ಟನ್ ಮತ್ತು ಮಾಂಟೆಗೊ ಬೇ ನಡುವೆ ಮಾತ್ರ. ಮಾಂಟೆಗೊ ಬೇಯಲ್ಲಿ ಆಳ ಸುಮಾರು 10 ಮೀಟರ್. ಸರಕು ಹಡಗೂ ಕ್ರೂಸ್ ಹಡಗೂ ಒಂದೇ ಬಂದರಿನಲ್ಲಿ. ಪ್ರವಾಸಿಗರು ಇಳಿಯುವ ಬೆಳಿಗ್ಗೆ ಸಿಮೆಂಟ್ ಹುಡಿ ಹಾರಿಸುವ ಹಡಗು ಯಾರಿಗೆ ಬೇಕು ಹೇಳಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕ್ರೂಸ್ ಸೀಸನ್. ಅದೇ ಹೊತ್ತಿಗೆ ಉತ್ತರದ ತಣ್ಣನೆ ಗಾಳಿಯೂ ಬರುತ್ತದೆ. ಅಮೆರಿಕದಿಂದ ಇಳಿಯುವ ಈ ಗಾಳಿಗೆ ನಾವಿಕರು ನಾರ್ದರ್ ಅನ್ನುತ್ತಾರೆ. ಒಮ್ಮೆ ಬಂದರೆ ಎರಡು ಮೂರು ದಿನ ಅಲೆ ಏಳುತ್ತದೆ, ಉತ್ತರ ದಡದ ಬಂದರುಗಳಿಗೆಲ್ಲ ಪೆಟ್ಟು.

ಆದರೂ ಮಾಂಟೆಗೊ ಬೇ ಬೇಡವೇ ಬೇಡ ಅನ್ನಲಾರೆ. ಸರಕು ಪಶ್ಚಿಮದ ಜಿಲ್ಲೆಗಳಿಗೆ ಹೋಗುವುದಾದರೆ ಕಿಂಗ್‌ಸ್ಟನ್‌ನಲ್ಲಿ ಇಳಿಸಿ ಬೆಟ್ಟದ ಆಚೆ ಲಾರಿಯಲ್ಲಿ ಸಾಗಿಸುವ ಖರ್ಚು ಕಮ್ಮಿಯಲ್ಲ. ನನ್ನ ಲೆಕ್ಕ ಹೀಗೆ: ಹಡಗಿಗೆ ಸ್ವಂತ ಕ್ರೇನ್ ಇದೆ, ಡ್ರಾಫ್ಟ್ ಒಂಬತ್ತು ಮೀಟರಿನ ಒಳಗಿದೆ, ತಿಂಗಳು ಏಪ್ರಿಲ್ ಕೊನೆಯಿಂದ ಜುಲೈ ಒಳಗೆ, ಸರಕು ಐದಾರು ಸಾವಿರ ಟನ್ ಮಾತ್ರ. ಈ ನಾಲ್ಕೂ ಕೂಡಿಬಂದರೆ ಮಾಂಟೆಗೊ ಬೇ. ಒಂದು ತಪ್ಪಿದರೂ ಕಿಂಗ್‌ಸ್ಟನ್. ಸರಕಿನವರು ಜನವರಿಯಲ್ಲಿ ಅಲ್ಲಿಗೇ ಬೇಕು ಅಂತ ಹಟ ಹಿಡಿದರೆ ಕೊಡಿ, ಆದರೆ ಕಾಯುವ ಸಮಯವೆಲ್ಲ ಅವರ ಖಾತೆಗೆ ಅಂತ ಬರೆಸಿಕೊಂಡು ಕೊಡಿ.

ಓಚೊ ರಿಯೊಸ್‌ನಲ್ಲಿ ಹಳೆಯ ರೆನಾಲ್ಡ್ಸ್ ಪಿಯರ್ ಇದೆ. 1952ರಲ್ಲಿ ಜಮೈಕಾದ ಮೊದಲ ಬಾಕ್ಸೈಟ್ ಹಡಗು ಹೊರಟದ್ದು ಅಲ್ಲಿಂದ. ಈಗ ಆ ಊರನ್ನು ಕ್ರೂಸ್ ಊರು ಅಂತಲೇ ತಿಳಿಯಿರಿ. ಪೋರ್ಟ್ ಆಂಟೋನಿಯೊ ಒಂದು ಕಾಲಕ್ಕೆ ಬಾಳೆಹಣ್ಣಿನ ಹಡಗುಗಳಿಂದ ತುಂಬಿರುತ್ತಿತ್ತು, ಈಗ ಶ್ರೀಮಂತರ ಯಾಟ್‌ಗಳು. ನೋಡಲು ಎಲ್ಲಕ್ಕಿಂತ ಚಂದ, ಆದರೆ ನಮ್ಮ ಕೆಲಸಕ್ಕೆ ಬಾರದು.

ಕ್ರೂಸ್ ಹಡಗಿನವರಿಗೆ

ನಮ್ಮ ಕರಾವಳಿಯ ಹುಡುಗರು ಎಷ್ಟೋ ಜನ ಕ್ರೂಸ್ ಹಡಗುಗಳ ಅಡುಗೆಮನೆ, ಹೌಸ್‌ಕೀಪಿಂಗ್‌ನಲ್ಲಿ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಒಂದಿಷ್ಟು. ತೀರಾ ದೊಡ್ಡ ಹಡಗು ಇದ್ದರೆ ಫಾಲ್ಮತ್. ರಾಯಲ್ ಕೆರಿಬಿಯನ್ ಕಂಪನಿ ಜೊತೆ ಸೇರಿ ಓಯಸಿಸ್ ವರ್ಗದ ಹಡಗುಗಳಿಗೆಂದೇ ಕಟ್ಟಿ 2011ರಲ್ಲಿ ತೆರೆದರು. ಪ್ರಯಾಣಿಕರನ್ನು ಹತ್ತಿಸಿ ಇಳಿಸುವ ಊರಾಗಿ ಮಾಂಟೆಗೊ ಬೇ ಅನುಕೂಲ, ವಿಮಾನ ನಿಲ್ದಾಣ ಹತ್ತಿರ. ಡನ್ಸ್ ರಿವರ್ ಜಲಪಾತ ನೋಡುವವರಿಗೆ ಓಚೊ ರಿಯೊಸ್.

ನನಗೆ ಇಷ್ಟ ಪೋರ್ಟ್ ರಾಯಲ್. ಇಲ್ಲಿ ಕಂಬ ಹೂತು ಜೆಟ್ಟಿ ಕಟ್ಟುವ ಹಾಗಿಲ್ಲ, ಕೆಳಗೆ 1692ರ ಊರು ಮಲಗಿದೆ. ಅದಕ್ಕೇ ಮಡಚಿ ಬಿಚ್ಚುವ ತೇಲುವ ಸೇತುವೆ ತಂದಿಟ್ಟರು. ಹಡಗು ಬಂದಾಗ ಚಾಚಿಕೊಳ್ಳುತ್ತದೆ, ಹೋದ ಮೇಲೆ ದಡಕ್ಕೆ ಸರಿಯುತ್ತದೆ. ಮೊದಲ ಹಡಗು ಬಂದದ್ದು 2020ರ ಜನವರಿ 20ರಂದು. ಎರಡು ತಿಂಗಳಲ್ಲಿ ಕೋವಿಡ್ ಬಂತು, ಪಾಪ. 2025ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಮಾಡಿದೆ.

ಚಂಡಮಾರುತದ ತಿಂಗಳುಗಳು

ಜೂನ್ 1ರಿಂದ ನವೆಂಬರ್ 30. ಕಾಗದದ ಮೇಲೆ ಆರು ತಿಂಗಳು, ಭಯ ಇರುವುದು ಆಗಸ್ಟ್‌ನಿಂದ ಅಕ್ಟೋಬರ್. ಯಾವ ಬಂದರು ಸುರಕ್ಷಿತ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. 1988ರಲ್ಲಿ ಗಿಲ್ಬರ್ಟ್ ಇಡೀ ದ್ವೀಪವನ್ನು ಉದ್ದಕ್ಕೆ ಸೀಳಿಕೊಂಡು ಹೋಯಿತು. 2012ರಲ್ಲಿ ಸ್ಯಾಂಡಿ ಬಂದದ್ದು ಕಿಂಗ್‌ಸ್ಟನ್ ಹತ್ತಿರಕ್ಕೆ. 2024ರಲ್ಲಿ ಬೆರಿಲ್ ದಕ್ಷಿಣ ದಡಕ್ಕೆ. 2025ರ ಅಕ್ಟೋಬರ್ 28ರಂದು ಮೆಲಿಸಾ ಐದನೇ ದರ್ಜೆಯ ಬಿರುಗಾಳಿಯಾಗಿ ನೈಋತ್ಯದಲ್ಲಿ ನೆಲ ಮುಟ್ಟಿತು. ಬ್ಲ್ಯಾಕ್ ರಿವರ್ ಊರು ನೆಲಸಮವಾದಂತೆ ಆಯಿತು, ಮಾಂಟೆಗೊ ಬೇ ಸೇರಿ ಇಡೀ ಪಶ್ಚಿಮಕ್ಕೆ ಹೊಡೆತ ಬಿತ್ತು. ಕಿಂಗ್‌ಸ್ಟನ್‌ಗೆ ಪೆಟ್ಟು ಕಡಿಮೆ. ಮುಂದಿನದು ಯಾವ ಕಡೆಗೆ ಅಂತ ಯಾರು ಹೇಳಬಲ್ಲರು?

ಬಂದರಿನಲ್ಲಿ ಕಟ್ಟಿಕೊಂಡು ಕೂರುವುದು ದಾರಿಯಲ್ಲ, ಹಡಗು ಸಮುದ್ರಕ್ಕೆ ಹೋಗಿ ದೂರ ಸರಿಯಬೇಕು. ಹಾಗಾಗಿ ಆ ತಿಂಗಳಲ್ಲಿ ನಾನು ಬಂದರು ನೋಡುವುದು ಒಂದೇ ಪ್ರಶ್ನೆಯಿಂದ: ಅರ್ಧ ಲೋಡ್ ಆದಾಗ ಹೊರಡು ಅಂದರೆ ಎಷ್ಟು ಗಂಟೆಯಲ್ಲಿ ಹೊರಡಬಹುದು? ಪೈಲಟ್, ಟಗ್ ಕೈಗೆ ಸಿಗುವ ಕಿಂಗ್‌ಸ್ಟನ್ ಇದರಲ್ಲಿ ಗೆಲ್ಲುತ್ತದೆ. ಹವಳದ ದಿಬ್ಬಗಳ ನಡುವಿಂದ ಹಗಲಿನಲ್ಲೇ ನುಸುಳಿ ಹೋಗಬೇಕಾದ ಪೋರ್ಟ್‌ಲ್ಯಾಂಡ್ ಬೈಟ್‌ನಲ್ಲಿ ನಿರ್ಧಾರ ಒಂದು ದಿನ ಮೊದಲೇ ಆಗಬೇಕು.

ಕ್ರೂ ಚೇಂಜ್, ಗಾಂಜಾ, ರಜೆ

ಕ್ರೂ ಬದಲಾವಣೆಗೆ ಎರಡು ವಿಮಾನ ನಿಲ್ದಾಣ. ಕಿಂಗ್‌ಸ್ಟನ್‌ನಲ್ಲಿ ನಾರ್ಮನ್ ಮ್ಯಾನ್ಲಿ, ಮಾಂಟೆಗೊ ಬೇಯಲ್ಲಿ ಸ್ಯಾಂಗ್‌ಸ್ಟರ್. ಹೆಚ್ಚು ವಿಮಾನ ಬರುವುದು ಎರಡನೆಯದಕ್ಕೆ. ಡಿಸ್ಕವರಿ ಬೇಯಲ್ಲಿ ಇಳಿದವರನ್ನು ಹಿಂದೆಲ್ಲ ಕಿಂಗ್‌ಸ್ಟನ್‌ಗೆ ತರುವುದು ಅಂದರೆ ಆಗುಂಬೆ ಘಾಟಿ ಇಳಿದಷ್ಟೇ ಸಾಹಸ. 2016ರಲ್ಲಿ ಚೀನಾದವರು ಕಟ್ಟಿದ ಉತ್ತರ ದಕ್ಷಿಣ ಹೆದ್ದಾರಿ ತೆರೆದ ಮೇಲೆ ಅದು ಸಲೀಸು. ಅಮೆರಿಕ ಅಥವಾ ಬ್ರಿಟನ್ ಮೂಲಕ ಟಿಕೆಟ್ ಮಾಡುವ ಮುನ್ನ ನಮ್ಮ ಹುಡುಗರ ವೀಸಾ ನೋಡಿಕೊಳ್ಳಿ. ಇಲ್ಲದವರಿಗೆ ಪನಾಮಾ ದಾರಿ ಇದೆ. ಬಿಡಿಭಾಗ, ಬಂಕರ್, ಡೈವರ್, ಆಸ್ಪತ್ರೆ ಬೇಕಾದರೆ ಕಿಂಗ್‌ಸ್ಟನ್ ಬಿಟ್ಟು ಬೇರೆ ಕಡೆ ನೋಡಬೇಡಿ.

ಕಿಂಗ್‌ಸ್ಟನ್‌ನಲ್ಲಿ ಒಂದು ದಿನ ಬಿಡುವು ಸಿಕ್ಕಿದರೆ ಸಬೀನಾ ಪಾರ್ಕ್ ನೋಡಿ ಬನ್ನಿ. 2006ರಲ್ಲಿ ಕುಣಿದಾಡುವ ಪಿಚ್ಚಿನ ಮೇಲೆ ದ್ರಾವಿಡ್ 81 ಮತ್ತು 68 ಹೊಡೆದದ್ದು, ಕೊನೆಯ ಇನಿಂಗ್ಸಿನಲ್ಲಿ ಕುಂಬ್ಳೆ ಆರು ವಿಕೆಟ್ ಕಿತ್ತದ್ದು ಅಲ್ಲೇ. ವೆಸ್ಟ್ ಇಂಡೀಸ್ ನೆಲದಲ್ಲಿ 35 ವರ್ಷದ ನಂತರ ಸರಣಿ ಗೆದ್ದೆವು. ಅಲ್ಲಿನ ಟ್ಯಾಕ್ಸಿಯವನಿಗೆ ಬೆಂಗಳೂರು ಗೊತ್ತಿಲ್ಲದಿದ್ದರೂ ದ್ರಾವಿಡ್ ಗೊತ್ತು.

ಗಾಂಜಾ ವಿಷಯ. ಇಲ್ಲಿಂದ ಹೊರಡುವ ಹಡಗಿನ ಚುಕ್ಕಾಣಿಯ ಪೊಟರೆಯಲ್ಲೋ ನೀರೆಳೆಯುವ ಸೀ ಚೆಸ್ಟ್‌ನಲ್ಲೋ ಯಾರಾದರೂ ರಾತ್ರಿ ಈಜಿ ಬಂದು ಕಟ್ಟು ಇಟ್ಟು ಹೋಗುವ ಅಪಾಯ ಇದ್ದೇ ಇದೆ. ಮುಂದಿನ ಬಂದರು ಅಮೆರಿಕವಾದರೆ ಸಿಕ್ಕಿಬೀಳುವುದು ನಮ್ಮ ಕ್ಯಾಪ್ಟನ್. ಗೇಟು, ಕಾವಲು ಗಟ್ಟಿಯಿರುವ ಕಂಟೇನರ್ ಟರ್ಮಿನಲ್‌ನಲ್ಲಿ ಭಯ ಕಂಟೇನರಿನೊಳಗೆ. ತೆರೆದ ಕೊಲ್ಲಿಯ ಒಂಟಿ ಜೆಟ್ಟಿಯಲ್ಲಿ ಭಯ ನೀರಿನೊಳಗೆ. ಬಾಕ್ಸೈಟ್, ಅಲ್ಯುಮಿನಾ ಬಂದರಿನಿಂದ ಹೊರಡುವ ಮುನ್ನ ಡೈವರ್‌ಗಳಿಂದ ತಳ ಪರೀಕ್ಷೆ ಮಾಡಿಸಿ, ವಿಡಿಯೊ ಇಟ್ಟುಕೊಳ್ಳಿ. ಈ ಖರ್ಚನ್ನು ಉಳಿಸಲು ಹೋಗಬೇಡಿ.

ರಜೆಗಳಲ್ಲಿ ಆಗಸ್ಟ್ 1 ಮತ್ತು ಆಗಸ್ಟ್ 6 ನೆನಪಿಡಿ. ಮೊದಲನೆಯದು ಗುಲಾಮಗಿರಿ ಮುಗಿದ ದಿನ, ಎರಡನೆಯದು 1962ರಲ್ಲಿ ಸ್ವಾತಂತ್ರ್ಯ ಬಂದ ದಿನ. ನಡುವಿನ ವಾರದಲ್ಲಿ ಕಾಗದಪತ್ರ ಓಡುವುದಿಲ್ಲ.

ಈಗ ನಾನು ಏನು ಮಾಡುತ್ತೇನೆ ಅಂದರೆ, ಜಮೈಕಾ ಅನ್ನುವ ಹೆಸರು ಬಂದ ಕೂಡಲೇ ಅಲ್ಲಿನ ಏಜೆಂಟರಿಗೆ ಒಂದು ಸಣ್ಣ ಮೇಲ್ ಹಾಕುತ್ತೇನೆ. ಬರ್ತಿನ ಹೆಸರು, ಇವತ್ತು ಒಪ್ಪುವ ಗರಿಷ್ಠ ಡ್ರಾಫ್ಟ್, ನಮಗಿಂತ ಮುಂದೆ ಎಷ್ಟು ಹಡಗು, ರಾತ್ರಿ ಕಟ್ಟುತ್ತಾರಾ, ಮುಂದಿನ ಐದು ದಿನದ ಗಾಳಿ. ಇಷ್ಟೇ. ಅಲ್ಲಿನ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ, ವರ್ಷವಿಡೀ ಬದಲಾಗುವುದಿಲ್ಲ. ಅವರು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವಾಗ ನಮಗೆ ಸಂಜೆ ಆರೂವರೆ. ಆರರೊಳಗೆ ಮೇಲ್ ಕಳಿಸಿದರೆ ರಾತ್ರಿ ಊಟದ ಹೊತ್ತಿಗೆ ಉತ್ತರ ಬಂದಿರುತ್ತದೆ. ಏಳರ ಮೇಲೆ ಕಳಿಸಿದರೆ ಅವರ ಬೆಳಗಿನ ಮೇಲ್‌ಗಳ ರಾಶಿಯಲ್ಲಿ ಅಡಿಗೆ ಹೋಗುತ್ತದೆ.